ವೇಲ್ಸ್‌ನಿಂದ: ಡ್ರುಯಿಡ್‌ರ ಬಗ್ಗೆ ನಮಗೆ ತಿಳಿದಿರುವುದೆಷ್ಟು?

ಡ್ರುಯಿಡ್‌ರೆಂದರೆ ಪ್ರಾಚೀನ ಬ್ರಿಟನ್ ಮತ್ತು ಪಶ್ಚಿಮ ಯೂರೋಪಿನ ಪುರೋಹಿತ ವರ್ಗ. ವೇಲ್ಸ್‌ಗೆ ಬಂದ ಮೊದಲ ಆಗಸ್ಟ್‌ನಲ್ಲಿ ಇಲ್ಲಿನ ರಾಷ್ಟ್ರೀಯ ಐಸ್ಟೆದ್‌ವೊದ್ ಎಂಬ ಕವಿತೆ, ಸಂಗೀತಗಳ ಉತ್ಸವಕ್ಕೆ ಹೋಗಿದ್ದೆ. ಬಿಳಿ, ನೀಲಿ, ಹಸಿರು ನಿಲುವಂಗಿ ತೊಟ್ಟವರು ‘ಪ್ರಧಾನ ಡ್ರುಯಿಡ್’ನೊಡನೆ ವೇದಿಕೆಯೇರಿ ಕವಿಯನ್ನು ಸನ್ಮಾನಿಸಿದಾಗ, ಎರಡು ಸಾವಿರ ವರ್ಷಗಳ ಪರಂಪರೆಯನ್ನು ಕಣ್ಣಾರೆ ಕಂಡೆನೆಂದೇ ಭಾವಿಸಿದ್ದೆ. ಆ ವಿಧಿಯನ್ನು ಯೋಲೋ ಮೊರ್ಗಾನುಗ್ ಎಂಬ ಕವಿ ರೂಪಿಸಿ, 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಗುಡ್ಡದ ಮೇಲೆ ಮೊದಲ ಬಾರಿ ನಡೆಸಿದನೆಂಬುದು ನನಗೆ ತಿಳಿದದ್ದು ಆಮೇಲೆ. ಹಳೆಯವೆಂದು ಅವನು ಮುಂದಿಟ್ಟ ಬರಹಗಳಲ್ಲಿ ಎಷ್ಟೋ ಅವನದೇ ಸೃಷ್ಟಿ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಎಂಬ ಪ್ರಾಚೀನ ಕಲ್ಲುವೃತ್ತಕ್ಕೂ ಡ್ರುಯಿಡ್‌ರಿಗೂ ಗಂಟು ಹಾಕಿದವರು ಕೂಡ 17, 18ನೆಯ ಶತಮಾನದ ವಿದ್ವಾಂಸರೇ. ಅಲ್ಲಿನ ದೊಡ್ಡ ಕಲ್ಲುಗಳು ಎದ್ದದ್ದು ಸುಮಾರು ಕ್ರಿ.ಪೂ. 2500ರಲ್ಲಿ, ಡ್ರುಯಿಡ್‌ರ ಉಲ್ಲೇಖ ಸಿಗುವುದಕ್ಕೂ ಎಷ್ಟೋ ಮೊದಲು.

ಹಾಗಾದರೆ ಪ್ರಾಚೀನ ಆಧಾರಗಳು ಯಾವುವು? ಗಾಲ್ ದೇಶವನ್ನು (ಇಂದಿನ ಫ್ರಾನ್ಸ್ ಸುತ್ತಲಿನ ನಾಡು) ಗೆದ್ದ ರೋಮನ್ ಸೇನಾನಿ ಜೂಲಿಯಸ್ ಸೀಸರ್, ಡ್ರುಯಿಡ್‌ರ ಶಿಷ್ಯರಲ್ಲಿ ಕೆಲವರು 20 ವರ್ಷ ಪದ್ಯಗಳನ್ನು ಕಂಠಪಾಠ ಮಾಡುತ್ತಾರೆಂದೂ ಆ ವಿದ್ಯೆಯನ್ನು ಬರೆದಿಡುವುದು ಅವರಿಗೆ ಸಮ್ಮತವಲ್ಲವೆಂದೂ ಹೇಳುತ್ತಾನೆ. ವೇದಘೋಷ ಕೇಳಿ ಬೆಳೆದ ನಮಗೆ ಇದು ತೀರ ಪರಿಚಿತವೆನಿಸುತ್ತದೆ. ಆದರೆ ಆ ಹೋಲಿಕೆಯನ್ನು ನೆಚ್ಚಿ ಮುಂದೆ ಹೋಗುವಂತಿಲ್ಲ. ನಮ್ಮಲ್ಲಿ ಪದಪಾಠ, ಕ್ರಮಪಾಠ, ಘನಪಾಠಗಳು ಇಂದಿಗೂ ಬಾಯಿಂದ ಬಾಯಿಗೆ ಸಾಗುತ್ತಿವೆ. ಡ್ರುಯಿಡ್‌ರದೆಂದು ಖಚಿತವಾಗಿ ಹೇಳಬಹುದಾದ ಒಂದು ಪದ್ಯವೂ ಉಳಿದಿಲ್ಲ. ಉಳಿದಿರುವುದು ಗೆದ್ದವರ ಮಾತು. ಐರ್ಲೆಂಡಿನ ಕಥೆಗಳಲ್ಲಿ ಡ್ರುಯಿಡ್‌ರು ಬರುತ್ತಾರಾದರೂ, ಅವು ಶತಮಾನಗಳ ನಂತರ ಕ್ರೈಸ್ತ ಸನ್ಯಾಸಿಗಳ ಕೈಯಲ್ಲಿ ಬರಹಕ್ಕಿಳಿದವು. ಡ್ರುಯಿಡ್‌ರನ್ನು ಯಾವ ಜನರ ಪುರೋಹಿತರೆಂದು ಸಾಮಾನ್ಯವಾಗಿ ಹೇಳುತ್ತಾರೋ ಆ ‘ಕೆಲ್ಟ್’ ಎಂಬ ಹೆಸರೂ ಅಷ್ಟೇ ತೊಡಕಿನದು: ಉಳಿದುಬಂದಿರುವ ಗ್ರೀಕ್, ರೋಮನ್ ಬರಹಗಳಲ್ಲಿ ಯಾರೂ ಬ್ರಿಟನ್ನಿನ ಜನರನ್ನು ಆ ಹೆಸರಿನಿಂದ ಕರೆದಿಲ್ಲ.

ನನ್ನ ಮಟ್ಟಿಗೆ, ಇವೆಲ್ಲಕ್ಕಿಂತ ಹೆಚ್ಚು ನಂಬಬಹುದಾದದ್ದು ವೇಲ್ಸ್‌ನ ಆಂಗ್ಲ್‌ಸೀ ದ್ವೀಪದ ಮಣ್ಣು. ರೋಮನ್ ಸೈನ್ಯ ಕ್ರಿ.ಶ. 60ರ ಸುಮಾರಿಗೆ ಅಲ್ಲಿಗೆ ನುಗ್ಗಿದಾಗ ಡ್ರುಯಿಡ್‌ರು ಕೈಯೆತ್ತಿ ಶಪಿಸುತ್ತಿದ್ದರೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ದಶಕಗಳ ನಂತರ ಬರೆದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದೇ ದ್ವೀಪದಲ್ಲಿ ವಿಮಾನನೆಲೆ ಕಟ್ಟುವಾಗ, ಹ್ಲಿನ್ ಕೆರಿಗ್ ಬಾಖ್ ಎಂಬ ಸಣ್ಣ ಕೆರೆಯ ಜೌಗಿನಿಂದ ಕತ್ತಿಗಳು, ರಥದ ಭಾಗಗಳು ಸೇರಿ 150ಕ್ಕೂ ಹೆಚ್ಚು ವಸ್ತುಗಳು ಹೊರಬಂದವು. ಅವನ್ನು ನೀರಿಗೆ ಅರ್ಪಿಸಿದವರು ಡ್ರುಯಿಡ್‌ರೇ ಎನ್ನಲು ಪುರಾವೆಯಿಲ್ಲ. ಅವುಗಳಲ್ಲಿದ್ದ ಒಂದು ಕಬ್ಬಿಣದ ಸರಪಳಿ ಎಷ್ಟು ಗಟ್ಟಿಯಾಗಿತ್ತೆಂದರೆ, ಅದೇನೆಂದು ಅರಿಯದ ಕೆಲಸಗಾರರು ಕೆಸರಲ್ಲಿ ಹೂತ ಲಾರಿಗಳನ್ನು ಅದರಿಂದಲೇ ಎಳೆದರು. ಅದರಲ್ಲಿ ಸೆರೆಯಾಳುಗಳ ಕುತ್ತಿಗೆಗೆ ಹಾಕುವ ಐದು ಬಳೆಗಳಿವೆ.