ಅಲರ್ಟಿನಿಂದ ಮೊದಲ ಚಿತ್ರದವರೆಗೆ: ತೀರ್ಥಹಳ್ಳಿ ತೋಟದಂಚಿನ ಗಾಮಾ ಸ್ಫೋಟ ಯೋಜನೆ, ಮೂರನೇ ವರದಿ

ಹಿಂದಿನ ವರದಿಯ ಹೊತ್ತಿಗೆ, ಆಕಾಶದಲ್ಲಿ ಗಾಮಾ ಕಿರಣ ಸ್ಫೋಟ ಕಂಡಿತೆಂದು ಉಪಗ್ರಹದ ಅಲರ್ಟ್ ಹೊರಟ ಕ್ಷಣದಿಂದ ಮೊದಲ ಎಕ್ಸ್‌ಪೋಷರ್ ಶುರುವಾಗಲು 220 ಸೆಕೆಂಡು ಹಿಡಿಯುತ್ತಿತ್ತು. ಈಗ ಟೆಲಿಸ್ಕೋಪ್ ಗೂಡಿನ ಸರಿಯುವ ಚಾವಣಿ ಮುಚ್ಚಿದ್ದರೆ 95, ತೆರೆದೇ ಇದ್ದರೆ 40. ಟೆಲಿಸ್ಕೋಪ್ ಅದೇ: 200 ಮಿ.ಮೀ. ಕನ್ನಡಿ, 1000 ಮಿ.ಮೀ. ನಾಭಿದೂರದ ನ್ಯೂಟೋನಿಯನ್. ಕ್ಯಾಮೆರಾವೂ ಅದೇ, ಸೋನಿ ಐಎಂಎಕ್ಸ್ 533 ಸೆನ್ಸರಿನದು. ಬದಲಾಗಿದ್ದು ನಡುವಿನ ಕೆಲಸಗಳ ಕ್ರಮ ಮಾತ್ರ.

ಸೆಕೆಂಡಿಗೆ ಇಷ್ಟು ಬೆಲೆ ಯಾಕೆ ಎಂದರೆ, ಗಾಮಾ ಕಿರಣ ಸ್ಫೋಟದ (ದೂರದ ಗ್ಯಾಲಕ್ಸಿಯಿಂದ ಬರುವ ಗಾಮಾ ಕಿರಣಗಳ ದಿಢೀರ್ ಮಿಂಚು) ಉಳಿಬೆಳಕು ಸುಮಾರಾಗಿ ಕಾಲದ ಮೈನಸ್ 1.2ನೇ ಘಾತದಂತೆ ಕುಂದುತ್ತದೆ. ಅಂದರೆ ಕಾಲ ಹತ್ತು ಪಟ್ಟಾದರೆ ಬೆಳಕು 3 ಕಾಂತಿಮಾನ ಇಳಿಯುತ್ತದೆ (ಕಾಂತಿಮಾನದ ಸಂಖ್ಯೆ ಹೆಚ್ಚಿದಷ್ಟೂ ಬೆಳಕು ಮಂಕು). 100ನೇ ಸೆಕೆಂಡಿನಲ್ಲಿ 14 ಇದ್ದದ್ದು 1000ನೇ ಸೆಕೆಂಡಿಗೆ 17, ಮೂರು ಗಂಟೆ ತುಂಬುವ ಮೊದಲೇ 20. ಎಂಟಿಂಚಿನ ಕನ್ನಡಿಗೆ ಒಂದು ನಿಮಿಷದ ಚಿತ್ರದಲ್ಲಿ 17.5ರ ಆಚೆ ಹೋಗುವುದು ಕಷ್ಟ. ದೊಡ್ಡ ಕನ್ನಡಿ ತಂದು ಗೆಲ್ಲುವುದಕ್ಕಿಂತ ಬೇಗ ತಿರುಗಿ ಗೆಲ್ಲುವುದು ನಮ್ಮ ಕೈಯಲ್ಲಿದೆ. 1999ರ ಜನವರಿ 23ರ ಸ್ಫೋಟವನ್ನು ಅಮೆರಿಕದ ರಾಟ್ಸಿ ಎಂಬ ಸ್ವಯಂಚಾಲಿತ ದೂರದರ್ಶಕದ ತಂಡ ಹಿಡಿದದ್ದು 200 ಮಿ.ಮೀ. ನಾಭಿದೂರದ ಕ್ಯಾಮೆರಾ ಲೆನ್ಸುಗಳಿಂದ. 47ನೇ ಸೆಕೆಂಡಿನ ಚಿತ್ರದಲ್ಲಿ ಅದು 9ನೇ ಕಾಂತಿಮಾನಕ್ಕೆ ಏರಿತ್ತು. ಸಾಧಾರಣ ಬೈನಾಕ್ಯುಲರಿಗೂ ಸಿಗುವಷ್ಟು ಬೆಳಕು ಅದು.

220 ಸೆಕೆಂಡು ಹೋಗುತ್ತಿದ್ದದ್ದು ಹೀಗೆ: ಅಲರ್ಟಿನ ಇಮೇಲ್ ತಲುಪಲು 15, ಚಾವಣಿ ಸರಿಯಲು 55, ಟೆಲಿಸ್ಕೋಪನ್ನು ಹೊತ್ತ ಮೌಂಟ್ ತಿರುಗಿ ಅಲುಗಾಟ ನಿಲ್ಲಲು 40, ಫೋಕಸ್‌ಗೆ 90, ಟೆಲಿಸ್ಕೋಪ್ ನೋಡುತ್ತಿರುವ ಜಾಗವನ್ನು ನಕ್ಷತ್ರಗಳಿಂದ ಗುರುತಿಸಿ ಗುರಿಯನ್ನು ಮತ್ತೆ ನಡುವಿಗೆ ತರಲು 20.

ಇಮೇಲನ್ನು ಬಿಟ್ಟು ಸ್ಫೋಟಗಳ ಸುದ್ದಿ ಹಂಚುವ ನಾಸಾದ ಜಿಸಿಎನ್ ಜಾಲಕ್ಕೆ, ಸಂದೇಶಗಳನ್ನು ಆಗಿಂದಾಗಲೇ ತಲುಪಿಸುವ ಕಾಫ್ಕಾ ತಂತ್ರಾಂಶದ ಮೂಲಕ ನೇರ ಸಂಪರ್ಕ ಇಟ್ಟೆವು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಒಂದು ಪೈಥಾನ್ ಪ್ರೋಗ್ರಾಂ ಸದಾ ಕಿವಿಗೊಟ್ಟು ಕೂತಿರುತ್ತದೆ. ಅಲರ್ಟಿನ ಗಾತ್ರ ಕೆಲವೇ ಕಿಲೋಬೈಟ್, ಆದ್ದರಿಂದ ಫೈಬರ್ ಕಡಿದಾಗ ಬಿದಿರಿನ ಗಳಕ್ಕೆ ಕಟ್ಟಿದ ಆಂಟೆನಾದ ಮೊಬೈಲ್ ಸಿಗ್ನಲ್ಲೇ ಸಾಕು. ಇಲ್ಲಿ ಎರಡು ಎಡವಟ್ಟು ಆಗುತ್ತವೆ. ಒಂದು, ಸಂಪರ್ಕ ಸತ್ತಿದ್ದರೂ ಪ್ರೋಗ್ರಾಂ ಬದುಕಿದಂತೆಯೇ ಕಾಣುತ್ತದೆ. ಜಿಸಿಎನ್ ಸೆಕೆಂಡಿಗೊಂದು ಹಾರ್ಟ್‌ಬೀಟ್ ಸಂದೇಶ ಕಳಿಸುತ್ತದೆ, 60 ಸೆಕೆಂಡು ಅದು ಬಾರದಿದ್ದರೆ ಪ್ರೋಗ್ರಾಂ ತಾನೇ ಮತ್ತೆ ಶುರುವಾಗುವಂತೆ ಬರೆದಿದ್ದೇವೆ. ಎರಡು, ಕರೆಂಟ್ ಹೋಗಿ ಬಂದ ಮೇಲೆ ಹಳೆಯ ಅಲರ್ಟುಗಳೆಲ್ಲ ಒಟ್ಟಿಗೆ ಸುರಿಯುತ್ತವೆ, ಟೆಲಿಸ್ಕೋಪ್ ಮೂರು ಗಂಟೆ ಹಿಂದಿನ ಸ್ಫೋಟದ ಹಿಂದೆ ಓಡುತ್ತದೆ. ಸ್ಫೋಟದ ಸಮಯಕ್ಕೂ ಈಗಿನ ಸಮಯಕ್ಕೂ 30 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಅದು ಬೇರೆ ಸಾಲಿಗೆ ಹೋಗಬೇಕು. ಪರೀಕ್ಷೆಗೆಂದು ಕಳಿಸುವ ಅಲರ್ಟುಗಳನ್ನು ಮೊದಲ ಸಾಲಿನಲ್ಲೇ ಸೋಸಿಬಿಡಬೇಕು.

ಫೋಕಸ್‌ನ 90 ಸೆಕೆಂಡು ಉಳಿಸಿದ್ದು ಒಂದು ಥರ್ಮಾಮೀಟರ್. ಅಲ್ಯೂಮಿನಿಯಂ ಒಂದು ಮೀಟರಿಗೆ ಪ್ರತಿ ಡಿಗ್ರಿಗೂ 23 ಮೈಕ್ರಾನ್ ಕುಗ್ಗುತ್ತದೆ. ಎಫ್/5 ಕನ್ನಡಿಗೆ (ನಾಭಿದೂರ ಅಗಲದ ಐದು ಪಟ್ಟು) ಫೋಕಸ್ ಸರಿ ಇರುವ ಪಟ್ಟಿಯ ಒಟ್ಟು ಅಗಲ ಸುಮಾರು 67 ಮೈಕ್ರಾನ್, ಅಂದರೆ ನಡುವಿನಿಂದ ಅತ್ತ 33, ಇತ್ತ 33. ಒಂದೂವರೆ ಡಿಗ್ರಿ ಇಳಿದರೆ ನಕ್ಷತ್ರ ಊದಿಕೊಳ್ಳಲು ಶುರು. ಜನವರಿಯಲ್ಲಿ ಸಂಜೆ ಏಳರಿಂದ ನಸುಕಿನವರೆಗೆ ಇಲ್ಲಿ ಹತ್ತು ಡಿಗ್ರಿ ಇಳಿಯುವುದು ಮಾಮೂಲು. ಈಗ ಕೊಳವೆಗೆ ಅಂಟಿಸಿದ ಸೆನ್ಸರ್ ಅರ್ಧ ಡಿಗ್ರಿ ಬದಲಾದಾಗಲೆಲ್ಲ ಫೋಕಸರ್ ಮೋಟಾರನ್ನು ಕೋಷ್ಟಕದ ಪ್ರಕಾರ ಸರಿಸುತ್ತದೆ. ಅಲರ್ಟ್ ಬಂದಾಗ ಫೋಕಸ್ ಆಗಲೇ ಸಿದ್ಧ.

ಜಾಗ ಗುರುತಿಸುವುದನ್ನು ಬಿಟ್ಟಿಲ್ಲ, ಹಿಂದಕ್ಕೆ ತಳ್ಳಿದ್ದೇವೆ. ಮೌಂಟ್ ನಿಂತೊಡನೆ 10 ಸೆಕೆಂಡಿನ ಚಿತ್ರ ತೆಗೆದು, ಜಾಗದ ಲೆಕ್ಕವನ್ನು ಆ ಚಿತ್ರದಿಂದಲೇ ಮಾಡುತ್ತೇವೆ. ತಪ್ಪಿದ್ದರೆ ಎರಡನೆಯದಕ್ಕೆ ಮುನ್ನ ತಿದ್ದುತ್ತೇವೆ. ಮೊದಲು 10 ಸೆಕೆಂಡಿನ ಹತ್ತು, ಆಮೇಲೆ 30ರ ಹತ್ತು, ಆಮೇಲೆ 60ರವು.

ಈ ಉಪಾಯ ನಡೆಯಬೇಕಾದರೆ ಮೊದಲ ತಿರುಗಾಟವೇ ಸರಿಯಾಗಿ ಬೀಳಬೇಕು. ಎರಡು ವಾರ ಅದು ಬೀಳಲೇ ಇಲ್ಲ. ಪ್ರತಿ ಸಲವೂ ಗುರಿ ಸುಮಾರು 20 ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಭಾಗ ಒಂದು ಆರ್ಕ್‌ಮಿನಿಟ್) ಆಚೆ. ನಮ್ಮ ಚಿತ್ರದ ಚೌಕಟ್ಟು 39 ಆರ್ಕ್‌ಮಿನಿಟ್ ಅಗಲ, ನಡುವಿನಿಂದ ಅಂಚಿಗೆ ಹತ್ತೊಂಬತ್ತೂವರೆ. ಅಂದರೆ ಗುರಿ ಅಂಚಿನಾಚೆಗೆ ಹೋಗುತ್ತಿತ್ತು. ಕಾರಣ ಯಂತ್ರದ್ದಲ್ಲ. ಅಲರ್ಟುಗಳ ಸ್ಥಾನ 2000ನೇ ಇಸವಿಯ ನಿರ್ದೇಶಾಂಕದಲ್ಲಿ ಬರುತ್ತದೆ, ಮೌಂಟ್ ಕೇಳುವುದು ಇವತ್ತಿನದನ್ನು. ಭೂಮಿಯ ಅಕ್ಷದ ಅಯನ ಚಲನೆ, ಅಂದರೆ ಬುಗುರಿಯಂಥ ನಿಧಾನ ಓಲಾಟ, ವರ್ಷಕ್ಕೆ 50.3 ಆರ್ಕ್‌ಸೆಕೆಂಡು (60 ಸೇರಿದರೆ ಒಂದು ಆರ್ಕ್‌ಮಿನಿಟ್), 25 ವರ್ಷಕ್ಕೆ 21 ಆರ್ಕ್‌ಮಿನಿಟ್. ಪರಿವರ್ತನೆಯ ಒಂದು ಸಾಲು ಸೇರಿಸಿದ ಮೇಲೆ ತಪ್ಪು 3 ಆರ್ಕ್‌ಮಿನಿಟ್‌ಗೆ ಇಳಿಯಿತು. ಇದೇ ಕೆಲಸಕ್ಕೆ ಇಳಿಯುವವರು ಮೊದಲು ನೋಡಬೇಕಾದ ಜಾಗ ಇದು.

ಉಳಿದ 3 ಆರ್ಕ್‌ಮಿನಿಟ್ ಧ್ರುವ ಜೋಡಣೆಯದು, ಅಂದರೆ ಮೌಂಟಿನ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಡುವುದರದು. ಇಲ್ಲಿ ಧ್ರುವ ನಕ್ಷತ್ರ ದಿಗಂತದಿಂದ ಮೇಲೆ ಹದಿಮೂರು ಮುಕ್ಕಾಲು ಡಿಗ್ರಿ ಅಷ್ಟೇ. ತೋಟದ ಉತ್ತರಕ್ಕೆ ಅಡಿಕೆ ಮರಗಳ ಸಾಲು, ಅದರ ಹಿಂದೆ ಸೊಪ್ಪಿನಬೆಟ್ಟ. ಧ್ರುವ ಕಾಣುವ ಪ್ರಶ್ನೆಯೇ ಇಲ್ಲ. ನೆತ್ತಿಯ ಹತ್ತಿರ ಮೂರು ಕಡೆ ಚಿತ್ರ ತೆಗೆದು, ಅವುಗಳಿಂದ ಅಕ್ಷದ ತಪ್ಪು ಲೆಕ್ಕಹಾಕುವ ವಿಧಾನವನ್ನೇ ಬಳಸುತ್ತೇವೆ. ಅಕ್ಷಾಂಶ ಕಡಿಮೆ ಇರುವುದರಿಂದ ಮೌಂಟ್ ಹೆಚ್ಚುಕಡಿಮೆ ಮಲಗಿರುತ್ತದೆ, ಭಾರದ ಸರಳು ಕಂಬಕ್ಕೆ ತಾಗುವ ಭಯವೂ ಇದೆ. ಕಂಬದ ಮೇಲೆ 20 ಸೆಂ.ಮೀ. ತುಂಡು ಸೇರಿಸಿ ಎತ್ತರಿಸಿದ ಮೇಲೆ ಆ ಭಯ ಹೋಯಿತು.

ಚಾವಣಿಯ 55 ಸೆಕೆಂಡು ಹಾಗೇ ಉಳಿದಿದೆ. ಸ್ಲೈಡಿಂಗ್ ಗೇಟಿನ ಚಕ್ರ, ತಲೆಕೆಳಗಾಗಿ ಕೂರಿಸಿದ ಆಂಗಲ್ ಪಟ್ಟಿ, ಗೇಟಿನದೇ ಮೋಟಾರು. ವೇಗ ಹೆಚ್ಚಿಸಿದರೆ ತಗಡು ಅದುರಿ ಮೌಂಟಿನ ಕಂಬಕ್ಕೂ ನಡುಕ ಹತ್ತುತ್ತದೆ. ಚಾವಣಿ ಪೂರ್ತಿ ಸರಿಯುವ ಮೊದಲು ಮೌಂಟ್ ತಿರುಗಿಸುವುದು ಬೇಡ ಎಂದು ಎರಡು ಕೊನೆಯಲ್ಲೂ ಸ್ವಿಚ್ ಇಟ್ಟಿದ್ದೇವೆ. ಕೊಳವೆಯ ಬಾಯಿ ಜಂತಿಗೆ ಬಡಿದರೆ ಕನ್ನಡಿಯೇ ಹೋಗುತ್ತದೆ. ಮಳೆ ಸೆನ್ಸರಿನ ಮಾತು ಎಲ್ಲಕ್ಕಿಂತ ಮೇಲೆ.

ಇಬ್ಬನಿ. ಡಿಸೆಂಬರಿನಲ್ಲಿ ರಾತ್ರಿ ಹನ್ನೊಂದಕ್ಕೆಲ್ಲ ತಗಡಿನಿಂದ ತೊಟ್ಟಿಕ್ಕುತ್ತದೆ. ದೊಡ್ಡ ಕನ್ನಡಿ ಕೊಳವೆಯ ಆಳದಲ್ಲಿರುವುದರಿಂದ ಬಚಾವ್, ಮೇಲಿನ 70 ಮಿ.ಮೀ. ಓರೆ ಕನ್ನಡಿ ಮಂಜಾಗುತ್ತದೆ. ಅದರ ಬೆನ್ನಿಗೆ 330 ಓಮ್‌ನ 7 ರೆಸಿಸ್ಟರುಗಳನ್ನು ಸಮಾಂತರವಾಗಿ ಜೋಡಿಸಿ ಅಂಟಿಸಿದ್ದೇವೆ. ಒಟ್ಟು 47 ಓಮ್, 12 ವೋಲ್ಟಿಗೆ 3 ವ್ಯಾಟ್. ಪ್ರತಿಯೊಂದರಲ್ಲೂ 0.44 ವ್ಯಾಟ್ ಉರಿಯುತ್ತದೆ, ಹಾಗಾಗಿ ಕಾಲು ವ್ಯಾಟಿನವು ಕರಕಲಾಗುತ್ತವೆ. ಒಂದು ವ್ಯಾಟಿನವನ್ನೇ ಕೊಳ್ಳಬೇಕು. ಬಿಸಿ ಜಾಸ್ತಿಯಾದರೂ ಕಷ್ಟ: ಕೊಳವೆಯೊಳಗೆ ಗಾಳಿ ಕುದಿದು ನಕ್ಷತ್ರ ಹಿಗ್ಗುತ್ತದೆ.

ಅಡಿಕೆ ಗೊನೆ ಕೊಯ್ಲಿನ ಕಾಲದಲ್ಲಿ ಅಡಿಕೆ ಬೇಯಿಸುವ ಒಲೆಗಳ ಹೊಗೆ ಸಂಜೆ ಕಣಿವೆಯಲ್ಲಿ ಮಡುಗಟ್ಟುತ್ತದೆ. ಅದಕ್ಕೆ ಔಷಧವಿಲ್ಲ. ದಿಗಂತದಿಂದ 35 ಡಿಗ್ರಿ ಮೇಲಿನ ಗುರಿ ಮಾತ್ರ ತೆಗೆದುಕೊಳ್ಳುತ್ತೇವೆ, ಹೊಗೆಯಿಲ್ಲದ ತಿಂಗಳಲ್ಲಿ ಮಿತಿ 25. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕನ್ನಡಿ ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಹೊಗೆಯ ಕಿಟ್ಟ ಅಲ್ಯೂಮಿನಿಯಂ ಲೇಪನಕ್ಕೆ ವಿಷ.

ಯಾವ ಉಪಗ್ರಹದ ಮಾತು ಕೇಳಬೇಕು ಎಂಬುದು ಮುಂದಿನ ಪ್ರಶ್ನೆ. 2004ರಲ್ಲಿ ಹಾರಿದ ಸ್ವಿಫ್ಟ್‌ನ ಬ್ಯಾಟ್ ಉಪಕರಣ ಸೀಸದ ಬಿಲ್ಲೆಗಳ ಜಾಲರಿಯ ನೆರಳನ್ನು ಓದುತ್ತದೆ. ಅಂಗಳದ ಚಪ್ಪರದ ತಟ್ಟಿಯ ನೆರಳು ನೆಲದ ಮೇಲೆ ಎಷ್ಟು ಸರಿದಿದೆ ಎಂದು ನೋಡಿ ಸೂರ್ಯನ ದಿಕ್ಕು ಹೇಳಿದ ಹಾಗೆ. ಸ್ಫೋಟ ಪತ್ತೆಯಾದ 20 ಸೆಕೆಂಡಿನ ಆಸುಪಾಸಿನಲ್ಲೇ ಸುಮಾರು 3 ಆರ್ಕ್‌ಮಿನಿಟ್ ತಪ್ಪಿನ ಸ್ಥಾನ ಸಿಗುತ್ತದೆ, ನಮ್ಮ ಚೌಕಟ್ಟಿಗೆ ಹೇಳಿ ಮಾಡಿಸಿದಂತಿದೆ. ಸ್ವಿಫ್ಟ್‌ನದೇ ಎಕ್ಸ್-ಕಿರಣ ಟೆಲಿಸ್ಕೋಪ್ ಎಕ್ಸ್‌ಆರ್‌ಟಿ ತಿರುಗಿ ನೋಡಿದ ಮೇಲೆ ಅದು ಕೆಲವೇ ಆರ್ಕ್‌ಸೆಕೆಂಡಿಗೆ ಇಳಿಯುತ್ತದೆ. 2024ರಲ್ಲಿ ಹಾರಿದ ಐನ್‌ಸ್ಟೈನ್ ಪ್ರೋಬ್ ಮತ್ತು ಎಸ್‌ವಿಒಎಂ ಉಪಗ್ರಹಗಳು ಕೊಡುವ ಸ್ಥಾನಗಳೂ ನಮಗೆ ಒಗ್ಗುತ್ತವೆ. ಫರ್ಮಿ ಉಪಗ್ರಹದ ಜಿಬಿಎಂ ಉಪಕರಣ ಬೇರೆ ಜಾತಿ. ಬೇರೆ ಬೇರೆ ದಿಕ್ಕಿಗೆ ಮುಖಮಾಡಿದ 12 ಸೋಡಿಯಂ ಅಯೊಡೈಡ್ ಸ್ಫಟಿಕಗಳಲ್ಲಿ ಯಾವುದಕ್ಕೆ ಹೆಚ್ಚು ಕಿರಣ ಬಿತ್ತು ಎಂಬ ಅನುಪಾತದಿಂದ ಅದು ದಿಕ್ಕು ಊಹಿಸುತ್ತದೆ, ತಪ್ಪು ಡಿಗ್ರಿಗಳಲ್ಲಿ. ಅದರ ಸ್ಫೋಟಗಳ ಸಂಖ್ಯೆ ಸ್ವಿಫ್ಟ್‌ನದಕ್ಕಿಂತ ದುಪ್ಪಟ್ಟು ಮೀರಿದೆ, ಆದರೆ 39 ಆರ್ಕ್‌ಮಿನಿಟ್ ಕಿಟಕಿಯಿಂದ ಹುಡುಕುವುದು ವ್ಯರ್ಥ. ಅದಕ್ಕೆಂದು 135 ಮಿ.ಮೀ. ಲೆನ್ಸಿನ ಎರಡನೇ ಕ್ಯಾಮೆರಾ ಕೂರಿಸುತ್ತಿದ್ದೇವೆ. ಒಂದು ಚಿತ್ರಕ್ಕೆ 4.8 ಡಿಗ್ರಿ, ಸಾಲಿಗೆ ಮೂರರಂತೆ ಮೂರು ಸಾಲು ಚಿತ್ರ ಜೋಡಿಸಿದರೆ 14 ಡಿಗ್ರಿ.

ಸೋಸುವ ನಿಯಮ ತೀರಾ ಬಿಗಿಯಾದರೆ ಏನಾಗುತ್ತದೆ ಎಂಬುದಕ್ಕೆ 2022ರ ಅಕ್ಟೋಬರ್ 9ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ದಾಖಲಾದ ಸ್ಫೋಟಗಳಲ್ಲೇ ಅತಿ ಪ್ರಖರವಾದದ್ದು ನಮ್ಮ ಸಮಯ ಸಂಜೆ 6:47ಕ್ಕೆ ಫರ್ಮಿಗೆ ಕಂಡಿತು. ಲೆಕ್ಕ ಹಾಕಿದರೆ ಆಗ ಅದು ಶಿವಮೊಗ್ಗ ಜಿಲ್ಲೆಯ ನೆತ್ತಿಯಿಂದ ಕೇವಲ 7-8 ಡಿಗ್ರಿ ದೂರದಲ್ಲಿತ್ತು. ಸೂರ್ಯ ಮುಳುಗಿ ಅರ್ಧ ಗಂಟೆ ಕಳೆದಿತ್ತಷ್ಟೇ, ಪೂರ್ವದಲ್ಲಿ ಹುಣ್ಣಿಮೆ ಚಂದ್ರ. ಸ್ವಿಫ್ಟ್ ಅದನ್ನು ಕಂಡದ್ದು 7:40ಕ್ಕೆ. ಆಕಾಶಗಂಗೆಯ ಪಟ್ಟಿಯ ಹತ್ತಿರವಿದ್ದುದರಿಂದ ಮೊದಲು ನಮ್ಮದೇ ಗ್ಯಾಲಕ್ಸಿಯೊಳಗಿನ ಹೊಸ ಎಕ್ಸ್-ಕಿರಣ ಮೂಲ ಎಂದು ಹೆಸರಿಟ್ಟರು. ‘ಆಕಾಶಗಂಗೆಯ ಪಟ್ಟಿಯಲ್ಲಿದ್ದರೆ ಬಿಟ್ಟುಬಿಡು’ ಎಂಬ ಸಾಲು ನಮ್ಮ ಪ್ರೋಗ್ರಾಮಿನಲ್ಲಿಯೂ ಇತ್ತು. ಅದನ್ನು ಅಳಿಸಿದ್ದೇವೆ.

ಆ ಸ್ಫೋಟ ಭೂಮಿಯ ಅಯಾನುಗೋಲವನ್ನೂ, ಅಂದರೆ ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರವನ್ನೂ, ಕದಡಿತು. ಆ ಪದರ ಕದಡಿದರೆ ಅದಕ್ಕೆ ತಾಗಿ ಬರುವ ರೇಡಿಯೋ ಅಲೆಯ ಬಲವೂ ಬದಲಾಗುತ್ತದೆ. ಅದಕ್ಕೇ ಯೋಜನೆಯ ಎರಡನೇ ಕವಲು: ತಮಿಳುನಾಡಿನ ವಿಜಯನಾರಾಯಣಂನಲ್ಲಿರುವ ನೌಕಾಪಡೆಯ 18.2 ಕಿಲೋಹರ್ಟ್ಸ್ ಪ್ರಸಾರದ ಬಲವನ್ನು ಹಗಲೂ ರಾತ್ರಿ ಅಳೆಯುವ ರಿಸೀವರ್. ದೂರ ಸುಮಾರು 650 ಕಿ.ಮೀ. ಒಂದು ಮೀಟರ್ ಬದಿಯ ಪಿವಿಸಿ ಪೈಪಿನ ಚೌಕ, 50 ಸುತ್ತು, 200 ಮೀಟರ್ ಎನಾಮಲ್ ತಂತಿ. ಶ್ರುತಿಗೆ 6.8 ನ್ಯಾನೋಫ್ಯಾರಡ್‌ನ ಆಸುಪಾಸಿನ ಕೆಪಾಸಿಟರ್, ಆಮೇಲೆ 96 ಕಿಲೋಹರ್ಟ್ಸ್ ವೇಗದ ಸೌಂಡ್ ಕಾರ್ಡ್. ಚೌಕದ ಅಂಚು ಪ್ರಸಾರ ಕೇಂದ್ರದ ಕಡೆಗೆ, ಅಂದರೆ ದಕ್ಷಿಣದಿಂದ ಪೂರ್ವಕ್ಕೆ 25 ಡಿಗ್ರಿ ತಿರುಗಿರಬೇಕು. ಅಗಲ ಮುಖ ತಿರುಗಿಸಿದರೆ ಸಿಗ್ನಲ್ ಬತ್ತಿಹೋಗುತ್ತದೆ.

ಮೊದಲ ದಿನಗಳ ಗ್ರಾಫಿನಲ್ಲಿ ಸೆಕೆಂಡಿಗೊಂದು ಮುಳ್ಳು ಕಂಡಿತು, ರಾತ್ರಿಯಿಡೀ, ತಪ್ಪದೆ. ಹಂದಿ ಬಾರದಂತೆ ಗದ್ದೆಗೆ ಹಾಕಿದ ಸೋಲಾರ್ ಬೇಲಿಯ ಮಿಡಿತ ಅದು. ಬೇಲಿ ಆರಿಸಿ ಎಂದು ಯಾರಿಗೂ ಹೇಳುವಂತಿಲ್ಲ. ಐದು ಸೆಕೆಂಡಿನ ಸರಾಸರಿಯ ಬದಲು ಮಧ್ಯಾಂಕ ತೆಗೆದುಕೊಂಡೆವು, ಮುಳ್ಳು ಮಾಯವಾಯಿತು. ಅಡಿಕೆ ಸುಲಿಯುವ ಯಂತ್ರದ ಮೋಟಾರಿನ ಗದ್ದಲ ಹಾಗೆ ಹೋಗುವುದಿಲ್ಲ, ಚೌಕವನ್ನೇ ಮನೆಯಿಂದ 60 ಮೀಟರ್ ದೂರ ಒಯ್ಯಬೇಕಾಯಿತು. ಅಲ್ಲಿಂದ ಬರುವ ತಂತಿ ಏಪ್ರಿಲ್ ಸಿಡಿಲಿಗೆ ಸಿಗಬಾರದೆಂದು ಕೊನೆಯ ಹಾದಿಗೆ ಫೈಬರ್. ಈಗ ಸೂರ್ಯೋದಯ, ಸೂರ್ಯಾಸ್ತದ ಏರಿಳಿತ ಚೊಕ್ಕವಾಗಿ ಬರುತ್ತಿದೆ, ಸೌರಜ್ವಾಲೆಗಳೂ ಕಾಣುತ್ತಿವೆ. ಸ್ಫೋಟಕ್ಕೆ ಕಾಯಬೇಕು, ಅಷ್ಟು ಪ್ರಖರವಾದವು ಬಲು ಅಪರೂಪ.

ಚಿತ್ರ ಸಿಕ್ಕ ಮೇಲಿನ ಪರೀಕ್ಷೆ ಇನ್ನೂ ಕೈಯಿಂದಲೇ ನಡೆದಿದೆ. ಪ್ಯಾನ್-ಸ್ಟಾರ್ಸ್ ಆಕಾಶ ಸಮೀಕ್ಷೆಯ ಹಳೆಯ ಚಿತ್ರದಲ್ಲಿ ಇಲ್ಲದ ಚುಕ್ಕೆ ಕಂಡರೆ ಮೊದಲು ಕ್ಷುದ್ರಗ್ರಹವೇ ನೋಡಬೇಕು, ಕ್ರಾಂತಿವೃತ್ತದ ಹತ್ತಿರ ಅವು ಧಾರಾಳ. ಆಮೇಲೆ ಬಿಸಿ ಪಿಕ್ಸೆಲ್, ಅಂದರೆ ಬೆಳಕಿಲ್ಲದೆಯೂ ಹೊಳೆಯುವ ಸೆನ್ಸರಿನ ಚುಕ್ಕೆ: ಚಿತ್ರದಿಂದ ಚಿತ್ರಕ್ಕೆ ಮೌಂಟನ್ನು ಹತ್ತಿಪ್ಪತ್ತು ಪಿಕ್ಸೆಲ್ ಕದಲಿಸಿದರೆ ಅದು ನಕ್ಷತ್ರಗಳ ಜೊತೆ ಕದಲದೆ ಸಿಕ್ಕಿಬೀಳುತ್ತದೆ. ಇವೆರಡೂ ದಾಟಿದ ಚುಕ್ಕೆ 10, 30, 60 ಸೆಕೆಂಡಿನ ಮೂರೂ ಕಂತಿನ ಚಿತ್ರಗಳಲ್ಲಿ ಕ್ರಮವಾಗಿ ಮಂಕಾಗುತ್ತಾ ಹೋದರೆ ಮಾತ್ರ ಉಳಿಬೆಳಕು. ಫಿಲ್ಟರ್ ಇಲ್ಲದ ಅಳತೆಯನ್ನು ಗಾಯಾ ಉಪಗ್ರಹ ಅಳೆದ ಪಟ್ಟಿಯ ನಕ್ಷತ್ರಗಳಿಗೆ ಹೋಲಿಸುತ್ತೇವೆ.

ನವೆಂಬರಿನೊಳಗೆ ಆಗಬೇಕಾದ್ದು: 135 ಮಿ.ಮೀ. ಲೆನ್ಸಿನ ಬಿಗಿಪಟ್ಟಿ, ಬೇಲಿಯ ಪಕ್ಕದ ಸಿಲ್ವರ್ ಮರದ ಎರಡು ಕೊಂಬೆ ಕಡಿಯುವುದು, ಚಾವಣಿಯ ಪಶ್ಚಿಮದ ಕೊನೆಯ ತುಕ್ಕು ಹಿಡಿದ ಸ್ವಿಚ್ ಬದಲಿಸುವುದು.