ಮೂರು ಚಿಲಕದ ಫೋಟೋ

ಜಿಪಿಎಸ್ ಮ್ಯಾಪ್ ಕ್ಯಾಮೆರಾ ಅನ್ನೋ ಆ್ಯಪ್ ಹೆಸರು ಕೇಳಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಕೆಲಸ ಮಾಡುವವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ಉಳಿದವರಿಗೆ: ಎಲ್ಲಿ ತೆಗೆದಿದ್ದು ಅನ್ನೋ ಗುರುತನ್ನು, ಅಂದರೆ ಜಿಯೋ-ಟ್ಯಾಗನ್ನು, ಇದು ಫೋಟೋ ಮೇಲೆಯೇ ಅಚ್ಚು ಹಾಕುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸೈಕಲ್ ಶುರುವಾದರೆ ಗಿಡ ನೆಟ್ಟರೂ ಜಿಯೋ-ಟ್ಯಾಗ್, ಕಸ ಗುಡಿಸಿದರೂ ಜಿಯೋ-ಟ್ಯಾಗ್. ಕೆಲಸ ಮಾಡಿದೆವಾ ಅಂತ ಯಾರೂ ಕೇಳುವುದಿಲ್ಲ, ಅಕ್ಷಾಂಶ ರೇಖಾಂಶ ಎಲ್ಲಿ ಅಂತ ಕೇಳುತ್ತಾರೆ.

ನಾನು ಕನ್ನಡ ಪಾಠ ಮಾಡುವವನು. ಎನ್ನೆಸ್ಸೆಸ್ ಚಾರ್ಜು ತಲೆಗೆ ಬಿದ್ದು ನಾಲ್ಕು ವರ್ಷ ಆಯಿತು. ಪ್ರತಿ ಜೂನ್ 26ಕ್ಕೆ ಮಾದಕ ವಸ್ತು ವಿರೋಧಿ ದಿನ: ಒಂದು ಜಾಥಾ, ಒಂದು ಪ್ರಮಾಣ ವಚನ, ಲಿವರ್ ಹಾಳಾದ ಚಿತ್ರ ಇರುವ ಅದೇ ಹಳೇ ಪಿಪಿಟಿ. ನಮ್ಮ ಜಾಥಾ ಪೇಟೆ ಬೀದಿಯ ವೈನ್ ಶಾಪ್ ಮುಂದೆಯೇ ಹಾದು ಹೋಗುತ್ತದೆ. ಅಲ್ಲಿ ನಿಂತವರು ಮರ್ಯಾದೆಯಿಂದ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಒಂದು ಸಲ ಒಬ್ಬರು ಕ್ವಾರ್ಟರನ್ನು ಜೇಬಿಗೆ ಇಳಿಸಿ, ನಮ್ಮ ಜೊತೆ ಎರಡು ಘೋಷಣೆ ಕೂಗಿ ವಾಪಸ್ ಹೋದರು.

ಇದರಿಂದ ಬೇಸತ್ತು ಹೋದ ವರ್ಷ ಬೇರೆ ಏನಾದರೂ ಮಾಡೋಣ ಅಂದುಕೊಂಡೆ. 1990ರ ದಶಕದಲ್ಲಿ ಚೀನಾದ ಯುನ್ನಾನ್ ಪ್ರಾಂತ್ಯದ ಹಳ್ಳಿ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು, ನಿಮ್ಮ ಕಷ್ಟ ನೀವೇ ತೆಗೆದು ತೋರಿಸಿ ಅಂದಿದ್ದರು. ಕ್ಯಾರೊಲೀನ್ ವಾಂಗ್, ಮೇರಿ ಆನ್ ಬರಿಸ್ ಅನ್ನೋ ಇಬ್ಬರು ರೂಪಿಸಿದ ಈ ವಿಧಾನಕ್ಕೆ ಫೋಟೋವಾಯ್ಸ್ ಅಂತ ಹೆಸರು. ಅದರ ಬಗ್ಗೆ ಸಿಕ್ಕಿದ್ದನ್ನು ಓದಿದೆ. ಅರ್ಧ ಓದಿದೆ ಅನ್ನೋದು ಸರಿ. ಒಪ್ಪಿಗೆ, ಖಾಸಗಿತನ ಅಂತ ಉದ್ದಕ್ಕೆ ಬರೆದಿದ್ದ ಭಾಗವನ್ನು ಬೆರಳಲ್ಲಿ ಮೇಲೆ ತಳ್ಳಿಬಿಟ್ಟೆ. ಮುಖ ಇರಬಾರದು ಅಂದರೆ ಮುಗಿಯಿತು, ಅಷ್ಟೇ ತಾನೆ?

ಕುಡಿತದ ಬಗ್ಗೆ ಫೋಟೋ ತೆಗೆಯಲು ಇಪ್ಪತ್ಮೂರು ಮಕ್ಕಳು ಹೆಸರು ಕೊಟ್ಟರು. ಎರಡು ವಾರ ಟೈಮು. ರೂಲ್ಸು ಮೂರೇ. ಯಾರ ಮುಖವೂ ಕಾಣಬಾರದು. ಗೂಗಲ್‌ನಿಂದ ಇಳಿಸಬಾರದು. ಜಿಯೋ-ಟ್ಯಾಗ್ ಕಡ್ಡಾಯ. ಮೂರನೆಯದು ನನ್ನದಲ್ಲ, ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕದ್ದು. ಆದರೆ ನನಗೂ ಇಷ್ಟವಾಯಿತು. ಎಲ್ಲಿ ತೆಗೆದಿದ್ದು ಅಂತ ಗೊತ್ತಾದರೆ ಕದ್ದ ಫೋಟೋ ಹಿಡಿಯುವುದು ಸುಲಭ ಅಲ್ವಾ?

ಮೊದಲ ವಾರ ಬಂದಿದ್ದೆಲ್ಲ ಬಾಟಲಿ. ಕೆರೆ ಏರಿ ಮೇಲೆ ಬಾಟಲಿ, ಬಸ್ ಸ್ಟಾಂಡ್ ಹಿಂದೆ ಬಾಟಲಿ, ಗ್ಲಾಸಿಗೆ ಕೋಕ್ ಸುರಿದುಕೊಂಡು ಗೋಡೆಗೆ ಒರಗಿದ ಗೆಳೆಯನ ಬೆನ್ನು. ಇಬ್ಬರು ಹುಡುಗರು ಮಾತ್ರ ತಲೆ ಓಡಿಸಿದ್ದರು. ವಿದ್ಯಾಸಂಸ್ಥೆಯಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು ಅನ್ನೋ ಅಬಕಾರಿ ನಿಯಮ ಓದಿಕೊಂಡು, ನಮ್ಮ ಗೇಟಿನದೊಂದು, ಬಾರಿನದೊಂದು ಜಿಯೋ-ಟ್ಯಾಗ್ ಫೋಟೋ ತೆಗೆದು ದೂರ ಲೆಕ್ಕ ಹಾಕಿದರು. ಇವತ್ತು ಸಿಕ್ಕಿಬಿದ್ದ ಅಂತ ಖುಷಿಯಲ್ಲಿ ಬಂದರು. 128 ಮೀಟರ್. ಬಾರಿನವನು ನಮಗಿಂತ ಚೆನ್ನಾಗಿ ಅಳೆದಿದ್ದ.

ಎರಡನೇ ವಾರ ಬಂದ ಫೋಟೋಗಳು ನನ್ನನ್ನು ಸುಮ್ಮನಾಗಿಸಿದವು. ಒಬ್ಬ ತನ್ನ ಮನೆಯ ಕಿಟಕಿ ಮೇಲೆ ಮಾವಿನ ಜ್ಯೂಸಿನ ಪುಟ್ಟ ಡಬ್ಬಿ, ಪಕ್ಕದಲ್ಲಿ 90 ಎಂಎಲ್ ವಿಸ್ಕಿ ಟೆಟ್ರಾಪ್ಯಾಕ್ ಇಟ್ಟು ತೆಗೆದಿದ್ದ. ಎರಡೂ ಒಂದೇ ಎತ್ತರ. ಕೆಳಗೆ ಬರೆದಿದ್ದ: ತಮ್ಮನದು, ಅಪ್ಪನದು. 2007ರ ಜುಲೈ 1ಕ್ಕೆ ಸಾರಾಯಿ ನಿಂತಾಗ ಇನ್ನು ಪ್ಯಾಕೆಟ್ ಕಾಟ ಇಲ್ಲ ಅಂತ ಅಮ್ಮ ಹೇಳಿದ್ದು ನೆನಪಾಯಿತು. ಪ್ಯಾಕೆಟ್ ಹೋಗಿ ಡಬ್ಬಿ ಬಂತು, ಅಷ್ಟೇ.

ಇನ್ನೊಂದು, ಬೆಳಗಿನ ಆರೂವರೆಗೆ ಹೋಟೆಲ್ ಒಳಗೆ ತೆಗೆದಿದ್ದು. ಎರಡು ಕೈ, ಒಂದು ಟೀ ಲೋಟ. ಬೆಳಕು ಕಮ್ಮಿ, ಫೋನಿನ ಶಟರ್ ನಿಧಾನಕ್ಕೆ ಮುಚ್ಚಿದೆ. ಹಿಂದಿನ ಕ್ಯಾಲೆಂಡರ್ ಅಂಕಿ ಸ್ಪಷ್ಟ, ಕೈ ಮತ್ತು ಲೋಟ ಮಾತ್ರ ಎರಡೆರಡಾಗಿ ಅಲುಗಿವೆ. ಟೀ ಹೆಬ್ಬೆರಳ ಮೇಲೆ ಚೆಲ್ಲಿದೆ. ಹತ್ತು ಪಿಪಿಟಿ ಮಾಡಿದರೂ ಆ ನಡುಕ ನನ್ನಿಂದ ತೋರಿಸಲು ಆಗುತ್ತಿರಲಿಲ್ಲ.

ಮತ್ತೆ ಆ ಚಿಲಕ. ಫೈನಲ್ ಬಿಎ ಹುಡುಗಿ ಕಳಿಸಿದ್ದು. ಹಸಿರು ಬಣ್ಣದ ಹಳೇ ಬಾಗಿಲು, ಒಳಗಿನಿಂದ ತೆಗೆದಿದ್ದು. ಅದರಲ್ಲಿ ಮೂರು ಚಿಲಕ. ಕೆಳಗಿನದು ಬಗ್ಗಿ ಅರ್ಧಕ್ಕೆ ತೂಗುತ್ತಿದೆ. ನಡುವಿನದರ ಮೊಳೆ ಕಿತ್ತು ಬಂದು, ಮರ ಸೀಳಿ ಒಳಗಿನ ಬಿಳಿ ಕಾಣುತ್ತಿದೆ. ಮೇಲಿನದು ಹೊಸದು, ಹೊಳೆಯುತ್ತಿದೆ, ಅಂಗಡಿಯ ಬೆಲೆ ಚೀಟಿ ಕೂಡ ಪೂರ್ತಿ ಹೋಗಿಲ್ಲ. ಜನ ಇಲ್ಲ, ಬಾಟಲಿ ಇಲ್ಲ. ಅಡಿಯಲ್ಲಿ ಆ್ಯಪಿನ ಕಪ್ಪು ಪಟ್ಟಿ: ಊರು, ತಾಲ್ಲೂಕು, ಅಕ್ಷಾಂಶ, ರೇಖಾಂಶ, ಎಡಕ್ಕೆ ಕೆಂಪು ಗುರುತಿನ ಪುಟ್ಟ ಮ್ಯಾಪು. ಮುಖ ಇಲ್ಲ, ಹಾಗಾಗಿ ಓಕೆ ಅಂತ ಟಿಕ್ ಹಾಕಿದೆ.

ಮೂವತ್ನಾಲ್ಕು ಫೋಟೋ ಎ3 ಸೈಜಿನಲ್ಲಿ ಪ್ರಿಂಟ್ ಹಾಕಿಸಿದೆ. ಬಿಲ್ ಇನ್ನೂ ಪಾಸಾಗಿಲ್ಲ, ಅದು ಬೇರೆ ಕತೆ. ಫೋನಿನಲ್ಲಿ ಇರುವೆ ಸಾಲಿನಂತೆ ಕಾಣುತ್ತಿದ್ದ ಆ ಪಟ್ಟಿ ಎ3ಯಲ್ಲಿ ಆರಡಿ ದೂರದಿಂದ ಓದಬಹುದಿತ್ತು. ಸೆಮಿನಾರ್ ಹಾಲಿನಲ್ಲಿ ಹುರಿ ಕಟ್ಟಿ, ಬಟ್ಟೆ ಕ್ಲಿಪ್ ಹಾಕಿ ತೂಗಿಸಿದ್ದು ನಾನೇ. ಆಗಲೂ ಹೊಳೆಯಲಿಲ್ಲ.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಅತಿಥಿ. ಭಾಷಣ ಬರೆದುಕೊಂಡು ಬಂದಿದ್ದವರು, ಅದನ್ನು ಮಡಚಿಟ್ಟು ಟೀ ಲೋಟದ ಫೋಟೋ ಹಿಡಿದೇ ಮಾತಾಡಿದರು. ಎಷ್ಟೋ ವರ್ಷ ಕುಡಿದ ಮೈಗೆ ಕೆಲವು ಗಂಟೆ ಮದ್ಯ ತಪ್ಪಿದರೆ ಕೈ ಹೀಗೆ ನಡುಗುತ್ತದೆ, ಜಾಸ್ತಿ ಆದರೆ ಫಿಟ್ಸ್ ಬರುತ್ತದೆ, ಇಲ್ಲದ್ದು ಕಾಣಿಸುತ್ತದೆ, ಜೀವಕ್ಕೂ ಅಪಾಯ. ಅಂಥವರನ್ನು ಮನೆಯಲ್ಲಿ ಕೂಡಿಹಾಕಿ ಬಿಡಿಸಬೇಡಿ, ಆಸ್ಪತ್ರೆಗೆ ಕರೆತನ್ನಿ ಅಂದರು. ಅವರ ತಲೆ ಮೇಲೆ ನಮ್ಮದೇ ಬ್ಯಾನರ್ ತೂಗುತ್ತಿತ್ತು: "ಕುಡಿತ ಇಂದೇ ಬಿಡಿ, ಈಗಲೇ ಬಿಡಿ."

ನಾನು ವೇದಿಕೆ ಪಕ್ಕ ಮೈಕು ಹಿಡಿದು ನಿಂತಿದ್ದೆ. ಆಗ ಕಂಡಿತು. ಮೂರನೇ ಕಿಟಕಿ ಹತ್ತಿರ ಮೂವರು ಹುಡುಗರು. ಒಬ್ಬ ಚಿಲಕದ ಫೋಟೋದ ಕಪ್ಪು ಪಟ್ಟಿ ಮೇಲೆ ಬೆರಳಿಟ್ಟು ಓದುತ್ತಿದ್ದ. ಇನ್ನೊಬ್ಬ ಫೋನ್ ತೆಗೆದು ಎರಡು ಬೆರಳಲ್ಲಿ ಏನನ್ನೋ ಹಿಗ್ಗಿಸುತ್ತಿದ್ದ. ಆ ಊರಲ್ಲಿ ಇರುವುದು ಎಂಬತ್ತು ಮನೆ, ಅಲ್ಲಿಂದ ಬಿಎ ಓದಲು ಬರುವುದು ಒಬ್ಬಳೇ. ಆಕೆ ನಾಲ್ಕು ಫೋಟೋ ಆಚೆ ನಿಂತಿದ್ದಳು. ವೇಲಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಹುಡುಗರು ತಲೆ ಎತ್ತಿ ಅವಳ ಕಡೆ ನೋಡಿದರು.

ಏನಿಲ್ಲ, ಬೇರೆ ಏನೋ ನೋಡುತ್ತಿದ್ದಾರೆ ಅಂತ ನನಗೆ ನಾನೇ ಹೇಳಿಕೊಂಡೆ. ಡಾಕ್ಟರ ಮಾತಿನ ಮಧ್ಯೆ ಎದ್ದು ಹೋದರೆ ಪ್ರಿನ್ಸಿಪಾಲರು ಏನಂದುಕೊಂಡಾರು? ಹತ್ತು ನಿಮಿಷ ಹಾಗೇ ನಿಂತೆ. ವಂದನಾರ್ಪಣೆಯ ಚೀಟಿ ಬೆವರಿಗೆ ಒದ್ದೆಯಾಯಿತು. ಮೂವರು ಐವರಾದರು.

ಚಪ್ಪಾಳೆ ಶುರುವಾದ ಕೂಡಲೇ ಇಳಿದು ನೇರ ಅಲ್ಲಿಗೆ ಹೋದೆ. ಕ್ಲಿಪ್ ಬಿಚ್ಚಿ, ಆ ಫೋಟೋ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಚಪ್ಪಾಳೆ ಅಷ್ಟರಲ್ಲಿ ನಿಂತಿತ್ತು. ಇಡೀ ಹಾಲ್ ನನ್ನನ್ನೇ ನೋಡುತ್ತಿತ್ತು. ಹುರಿಯಲ್ಲಿ ಎರಡು ಖಾಲಿ ಕ್ಲಿಪ್ ಅಲ್ಲಾಡುತ್ತಿದ್ದವು. ಅಲ್ಲೇನಿತ್ತು, ಯಾರದು ಅಂತ ಅದುವರೆಗೂ ಗಮನಿಸದವರೂ ಕೇಳತೊಡಗಿದರು. ಉತ್ತರ ಎಲ್ಲರ ಫೋನಿನಲ್ಲೂ ಇತ್ತು. ಫೋಟೋಗಳನ್ನು ಒಂದೇ ವಾಟ್ಸಾಪ್ ಗ್ರೂಪಿಗೆ ಹಾಕಿ ಅಂದವನೂ ನಾನೇ, ಅಡ್ಮಿನ್ನೂ ನಾನೇ. ಊಟದ ಹೊತ್ತಿಗೆ ಅದು ಹಾಸ್ಟೆಲಿನಲ್ಲೂ ಓಡಾಡಿತ್ತು.

ಪ್ರಿನ್ಸಿಪಾಲರು ಚೇಂಬರಿಗೆ ಕರೆದು ಕೇಳಿದ್ದು ಒಂದೇ: "ರೀ, ಯಾರೂ ಕಂಪ್ಲೇಂಟ್ ಕೊಡಲ್ಲ ತಾನೆ?"

ಹುಡುಗಿ ಮೂರು ದಿನ ಬರಲಿಲ್ಲ. ಮನೆ ವಿಷಯ ಮಾತಾಡಲು ನನಗೆ ಧೈರ್ಯ ಸಾಲದೆ ಇತಿಹಾಸದ ಮೇಡಂ ಕೈಲಿ ಫೋನ್ ಮಾಡಿಸಿದೆ. ತಾಯಿ ಮಗಳು ಸೋದರಮಾವನ ಮನೆಯಲ್ಲಿದ್ದರು. ಮೇಡಂ ಮಹಿಳಾ ಸಹಾಯವಾಣಿ 181, ಮಾನಸಿಕ ಆರೋಗ್ಯದ ಸಹಾಯವಾಣಿ 14416 ಎರಡೂ ನಂಬರು ಕೊಟ್ಟು, ಆಮೇಲೂ ವಿಚಾರಿಸುತ್ತಲೇ ಇದ್ದರು. ಕಾರ್ಯಕ್ರಮದಲ್ಲಿ ಹೇಳಬೇಕಿದ್ದ ನಂಬರುಗಳು ಅವು. ನಾವು ಅತಿಥಿಗಳಿಗೆ ಹಾರ ತರುವುದು ಮರೆಯಲಿಲ್ಲ, ಇವನ್ನು ಬರೆದು ಅಂಟಿಸುವುದು ಮರೆತಿದ್ದೆವು.

ನಾಲ್ಕನೇ ದಿನ ಅಸೈನ್‌ಮೆಂಟ್ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದಳು. ತಪ್ಪಾಯ್ತಮ್ಮಾ, ಊರ ಹೆಸರು ಇತ್ತು, ನೋಡಬೇಕಿತ್ತು ಅಂದೆ.

"ಫೋಟೋ ನಾನೇ ಕೊಟ್ಟಿದ್ದು ಸಾರ್. ಅದಕ್ಕೇನಿಲ್ಲ. ಮೂವತ್ನಾಲ್ಕರಲ್ಲಿ ನಮ್ಮನೇದೊಂದನ್ನೇ ಇಳಿಸಿದ್ರಲ್ಲ."

ನನಗೆ ಮಾತು ಬರಲಿಲ್ಲ. ಆ ಹತ್ತು ನಿಮಿಷದ ಬಗ್ಗೆ ಎಷ್ಟೋ ಸಲ ಯೋಚಿಸಿದ್ದೆ. ಇಳಿಸಿದ್ದು ಮಾತ್ರ ಸರಿ ಅಂತಲೇ ಅಂದುಕೊಂಡಿದ್ದೆ.

ಪ್ರಿಂಟ್ ಎಲ್ಲಿ ಅಂತ ಕೇಳಿದಳು. ಬೀರುವಿನಿಂದ ತೆಗೆದುಕೊಟ್ಟೆ. ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು ಅಡಿಯ ಕಪ್ಪು ಪಟ್ಟಿಯನ್ನು ಅಂಚಿನಿಂದ ಅಂಚಿಗೆ ನೇರವಾಗಿ ಕತ್ತರಿಸಿದಳು. ಪಟ್ಟಿ ಮಡಚಿ ಬ್ಯಾಗಿಗೆ ಹಾಕಿಕೊಂಡು, ಫೋಟೋ ನನ್ನ ಕಡೆ ತಳ್ಳಿದಳು. "ಇದನ್ನ ಇಟ್ಕೊಳ್ಳಿ ಸಾರ್. ಮುಂದಿನ ಸಲ ಹಾಕಿ."

ಇದನ್ನು ಬರೆಯುವ ಮುಂಚೆ ಅವಳನ್ನು ಕೇಳಿದ್ದೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ, ಯಾವುದು ಅಂತ ಹೇಳುವುದಿಲ್ಲ. ಈ ವರ್ಷ ಮಕ್ಕಳು ಫೋಟೋ ಕಳಿಸುವುದು ನನಗೊಬ್ಬನಿಗೇ, ಗ್ರೂಪಿಗಲ್ಲ. ತೆಗೆದಾಗ ಒಮ್ಮೆ ಕೇಳುತ್ತೇನೆ, ಪ್ರಿಂಟಿಗೆ ಕೊಡುವ ಹಿಂದಿನ ದಿನ ಇನ್ನೊಮ್ಮೆ ಕೇಳುತ್ತೇನೆ. ಅರ್ಧಕ್ಕೆ ಬಿಟ್ಟಿದ್ದ ಆ ಭಾಗದಲ್ಲಿ ಇದೇ ಇತ್ತು. ಎರಡನೇ ಸಲ ಕೇಳಿದಾಗ ಆರು ಮಂದಿ ಬೇಡ ಸಾರ್ ಅಂದರು. ಹೋದ ವರ್ಷ ಆ ಆರು ಮಂದಿ ಯಾರಿದ್ದರೋ. ಬ್ಯಾನರನ್ನೂ ಬದಲಿಸಿದೆವು, ಡಾಕ್ಟರೇ ಸಾಲು ಬರೆದುಕೊಟ್ಟರು.

ಇನ್ನು ಐಕ್ಯೂಎಸಿಗೆ ಕೊಟ್ಟ ವರದಿ. ಎಲ್ಲ ಫೋಟೋಗಳ ಅಡಿಯ ಕಪ್ಪು ಪಟ್ಟಿ ತೆಗೆದೇ ಫೈಲ್ ಮಾಡಿದ್ದೆ. ವಾರದಲ್ಲಿ ವಾಪಸ್ ಬಂತು. ಮೊದಲ ಪುಟದ ಮೇಲೆ ಪೆನ್ಸಿಲಿನಲ್ಲಿ ಬರೆದಿತ್ತು: "ಜಿಯೋ-ಟ್ಯಾಗ್ ಕಾಣುತ್ತಿಲ್ಲ. ಸರಿಪಡಿಸಿ ಮರು ಸಲ್ಲಿಸಿ." ಫೈಲು ನನ್ನ ಬೀರುವಿನಲ್ಲೇ ಇದೆ.