ನಮ್ಮ ಫುಟ್‌ಬಾಲ್ ಲೀಗನ್ನು ನಮ್ಮವರೇ ಟಿವಿಯಲ್ಲಿ ಯಾಕೆ ನೋಡುವುದಿಲ್ಲ?

ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿಯ ಪಂದ್ಯ ನೋಡಿ ಬಂದೆನೆಂದು ಹೇಳಿದಾಗ ಯಾರು ಗೆದ್ದರೆಂದು ಕೇಳುವವರು ಕಡಿಮೆ. ‘ಲಿವರ್‌ಪೂಲ್, ಮ್ಯಾಂಚೆಸ್ಟರ್ ಎಂದರೆ ನಿದ್ದೆಗೆಟ್ಟು ಟಿವಿ ಮುಂದೆ ಕೂರುವ ನಮ್ಮ ಹುಡುಗರು ನಮ್ಮದೇ ಇಂಡಿಯನ್ ಸೂಪರ್ ಲೀಗನ್ನು ಯಾಕೆ ನೋಡುವುದಿಲ್ಲ?’ ಎಂದು ಕೇಳುವವರೇ ಹೆಚ್ಚು. ಕೇಳಿದವರ ಬಳಿ ಉತ್ತರವೂ ಸಿದ್ಧವಾಗಿರುತ್ತದೆ: ಆಟದ ಮಟ್ಟ ಸಾಲದು. ಈ ಪ್ರಶ್ನೆಗೆ ಬಿಡಿಬಿಡಿಯಾಗಿ ಹೇಳುತ್ತ ಬಂದಿದ್ದನ್ನು ಒಮ್ಮೆ ಪೂರ್ತಿಯಾಗಿ ಬರೆದಿಡೋಣವೆಂದು ಕುಳಿತಿದ್ದೇನೆ.

ಮಟ್ಟದ ಮಾತು ಸುಳ್ಳಲ್ಲ, ಆದರೆ ಜನ ನೋಡದಿರುವುದಕ್ಕೆ ಅದು ಕಾರಣವೆಂದು ನನಗೆ ಅನಿಸುವುದಿಲ್ಲ. ಕೊಡಗಿನಲ್ಲಿ 1997ರಿಂದ ನಡೆಯುತ್ತಿರುವ ಕೊಡವ ಕೌಟುಂಬಿಕ ಹಾಕಿಯನ್ನೇ ನೋಡಿ. ನೂರಾರು ಮನೆತನಗಳು ಆಡುವ ಆ ಪಂದ್ಯಾವಳಿಯಲ್ಲಿ ರಾಷ್ಟ್ರೀಯ ತಂಡಕ್ಕೆ ಆಡಿದವನ ಪಕ್ಕದಲ್ಲೇ ವರ್ಷಕ್ಕೊಮ್ಮೆ ಸ್ಟಿಕ್ ಹಿಡಿಯುವ ಚಿಕ್ಕಪ್ಪನೂ ಇರಬಹುದು, ಆದರೂ ಮೈದಾನ ತುಂಬುತ್ತದೆ, ಏಕೆಂದರೆ ಆಡುತ್ತಿರುವುದು ಯಾರ ಮನೆ, ಸೋತರೆ ಯಾರ ಮುಖ ಬಾಡುತ್ತದೆ ಎಂಬುದು ನೋಡುವವರಿಗೆಲ್ಲ ಗೊತ್ತು. ಟಿವಿಯ ಮುಂದೆ ಜನರನ್ನು ಕೂರಿಸುವುದೂ ಇಂಥದೇ ಪರಿಚಯ. ಅದಕ್ಕೆ ರೂಢಿಯೊಂದು ಸೇರಬೇಕು. ಇವತ್ತು, ಇಷ್ಟು ಹೊತ್ತಿಗೆ, ಇಂಥ ಚಾನೆಲಿನಲ್ಲಿ ಪಂದ್ಯವಿರುತ್ತದೆ ಎಂಬುದು ಯೋಚಿಸದೆಯೇ ಕೈಗೆ ಗೊತ್ತಿರಬೇಕು, ರಿಮೋಟು ತಾನಾಗಿ ಅಲ್ಲಿಗೆ ಹೋಗಬೇಕು. ನಮ್ಮ ಲೀಗಿಗೆ ಹನ್ನೊಂದು ವರ್ಷಗಳಲ್ಲಿ ಕಟ್ಟಲಾಗದೇ ಹೋದದ್ದು ಈ ರೂಢಿಯನ್ನು. ಕಟ್ಟತೊಡಗಿದಾಗಲೆಲ್ಲ ಅದನ್ನು ಮುರಿದವರೂ ಲೀಗಿನವರೇ.

ಅಂದ ಹಾಗೆ, ನಿದ್ದೆಗೆಡುವ ಮಾತು ಯುರೋಪಿನ ಚಾಂಪಿಯನ್ಸ್ ಲೀಗಿಗೆ ಸರಿ, ಇಂಗ್ಲೆಂಡಿನ ಪ್ರೀಮಿಯರ್ ಲೀಗಿಗೆ ಅಷ್ಟಾಗಿ ಸಲ್ಲುವುದಿಲ್ಲ. ಅಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಪಂದ್ಯ ನಮ್ಮಲ್ಲಿ ಋತುವಿಗೆ ತಕ್ಕಂತೆ ಸಂಜೆ ಏಳೂವರೆಗೋ ಎಂಟೂವರೆಗೋ ಬರುತ್ತದೆ. ಮೈದಾನಕ್ಕೆ ಬರುವವರು ಕಡಿಮೆಯಾಗಬಾರದೆಂದು ಆ ಹೊತ್ತಿನ ಪಂದ್ಯಗಳ ನೇರ ಪ್ರಸಾರವನ್ನು ಇಂಗ್ಲೆಂಡಿನಲ್ಲಿ ನಿಷೇಧಿಸಿರುವುದರಿಂದ, ಅಲ್ಲಿಯವರಿಗೆ ಮನೆಯಲ್ಲಿ ಕಾಣದ ಪಂದ್ಯವನ್ನು ಇಲ್ಲಿ ನಾವು ಊಟದ ತಟ್ಟೆ ಹಿಡಿದು ನೋಡುತ್ತೇವೆ. ವರ್ಷಗಟ್ಟಲೆ ಅದೇ ವಾರ, ಅದೇ ಹೊತ್ತು, ಅವೇ ತಂಡಗಳು. ನಮ್ಮ ಲೀಗಿನ ಏಳೂವರೆಯ ಪಂದ್ಯ ವಾರಾಂತ್ಯದಲ್ಲಿ ನೇರವಾಗಿ ಇದಕ್ಕೇ ಹೋಗಿ ತಾಗುತ್ತದೆ.

ಆರಂಭವೇನೋ ಭರ್ಜರಿಯಾಗಿಯೇ ಆಗಿತ್ತು. 2014ರ ಅಕ್ಟೋಬರ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಮೊದಲ ಪಂದ್ಯ ನಡೆಯಿತು. ಡೆಲ್ ಪಿಯೆರೊ, ಪಿರೆಸ್, ಟ್ರೆಜೆಗೆಯಂಥ ನಿವೃತ್ತಿಯ ಅಂಚಿನ ದೊಡ್ಡ ಹೆಸರುಗಳು ಆಡಲು ಬಂದವು, ಒಡೆಯರ ಸಾಲಿನಲ್ಲಿ ತೆಂಡೂಲ್ಕರ್, ಗಂಗೂಲಿ ಮತ್ತು ಹಿಂದಿ ಚಿತ್ರನಟರು ಕುಳಿತರು. ಮೊದಲ ಋತುವನ್ನು 42.9 ಕೋಟಿ ಜನ ನೋಡಿದರೆಂಬ ಅಂಕಿಯನ್ನು ಪತ್ರಿಕೆಗಳು ದೊಡ್ಡದಾಗಿ ಅಚ್ಚುಹಾಕಿದವು. ಇಂಥ ಅಂಕಿಗಳನ್ನು ನೋಡುವಾಗ ಒಂದು ಎಚ್ಚರವಿರಬೇಕು. ಅದು ‘ತಲುಪಿದವರ’ ಲೆಕ್ಕ. ಚಾನೆಲ್ ಬದಲಿಸುತ್ತ ಹೋಗುವವನು ಒಂದೆರಡು ನಿಮಿಷ ಅಲ್ಲಿ ನಿಂತರೂ ಅವನ ತಲೆ ಎಣಿಕೆಗೆ ಸೇರಿಬಿಡುತ್ತದೆ. ತೊಂಬತ್ತು ನಿಮಿಷ ಕುಳಿತವರೆಷ್ಟು, ಮುಂದಿನ ವಾರ ಮರಳಿ ಬಂದವರೆಷ್ಟು ಎಂಬುದನ್ನು ಹೇಳುವುದು ಬೇರೆಯೇ ಲೆಕ್ಕ, ಅದನ್ನು ಯಾರೂ ದೊಡ್ಡ ಅಕ್ಷರದಲ್ಲಿ ಅಚ್ಚುಹಾಕಲಿಲ್ಲ. ತೆಂಡೂಲ್ಕರರನ್ನು ನೋಡಲು ಟಿವಿ ಹಾಕಿದವನು ತೆಂಡೂಲ್ಕರ್ ಕಾಣದ ವಾರ ಹಾಕುವುದಿಲ್ಲ.

ಆ ಮೊದಲ ಋತು ಅಕ್ಟೋಬರಿನಲ್ಲಿ ಶುರುವಾಗಿ ಡಿಸೆಂಬರಿನಲ್ಲಿ ಮುಗಿಯಿತು. ಆಮೇಲೆ ಒಂಬತ್ತು ತಿಂಗಳು ಸದ್ದಿಲ್ಲ. ಅದೇ ಹೊತ್ತಿಗೆ ದೇಶದ ಅಧಿಕೃತ ಅಗ್ರ ಲೀಗ್ ಆಗಿದ್ದ ಐ-ಲೀಗ್ ಪಂದ್ಯಗಳು ಎಷ್ಟೋ ಸಲ ಉರಿಬಿಸಿಲಿನ ಮಧ್ಯಾಹ್ನಗಳಲ್ಲಿ, ಜನ ಕೆಲಸದಲ್ಲಿರುವ ದಿನಗಳಲ್ಲಿ ನಡೆಯುತ್ತಿದ್ದವು. 2013-14ರಲ್ಲಿ ಕಣಕ್ಕಿಳಿದ ಮೊದಲ ವರ್ಷವೇ ಬೆಂಗಳೂರು ಎಫ್‌ಸಿ ಆ ಲೀಗನ್ನು ಗೆದ್ದಿತು, ಆದರೆ ನಗರದ ಬಹುಪಾಲು ಜನರಿಗೆ ಅದು ಮರುದಿನ ಪತ್ರಿಕೆಯ ಕೊನೆಯ ಪುಟದಲ್ಲಿ ಕಂಡ ಸುದ್ದಿ. 2017ರಲ್ಲಿ ಬೆಂಗಳೂರು ಮತ್ತು ಜಮ್‌ಶೆಡ್‌ಪುರ ಸೂಪರ್ ಲೀಗಿಗೆ ಸೇರಿ ಋತು ನಾಲ್ಕು ತಿಂಗಳಿಗೆ ಹಿಗ್ಗಿದಾಗ ಮೊದಲ ಸಲ ವಾರವಾರದ ರೂಢಿಯೊಂದು ಕುದುರತೊಡಗಿತ್ತು. ಅಷ್ಟರಲ್ಲಿ ಕೋವಿಡ್ ಬಂತು. ಎರಡು ಋತುಗಳು ಗೋವಾದ ಖಾಲಿ ಮೈದಾನಗಳಲ್ಲಿ ನಡೆದವು. ಅದಕ್ಕೆ ಯಾರನ್ನೂ ದೂರುವಂತಿಲ್ಲ.

ದೂರಬೇಕಾದದ್ದು ತಂಡಗಳ ಅಲೆದಾಟವನ್ನು. 2019ರಲ್ಲಿ ದೆಹಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆಯ ತಂಡ ಮುಚ್ಚಿ ಅದರ ಜಾಗಕ್ಕೆ ಹೈದರಾಬಾದ್ ಬಂತು. ಆ ಹೈದರಾಬಾದ್ 2022ರಲ್ಲಿ ಚಾಂಪಿಯನ್ ಆಗಿ, 2025ರಲ್ಲಿ ದೆಹಲಿಗೆ ಗುಳೆ ಎದ್ದು ಹೆಸರನ್ನೂ ಬದಲಿಸಿಕೊಂಡಿತು. ಪುಣೆಯಲ್ಲಿ ಐದು ವರ್ಷ ಕಿತ್ತಳೆ ಅಂಗಿ ತೊಟ್ಟು ಕೂಗಿದ ಹುಡುಗ ಈಗ ಯಾರ ಪಂದ್ಯಕ್ಕೆ ಟಿವಿ ಹಾಕಬೇಕು? 1993ರಲ್ಲಿ ಜೆ-ಲೀಗ್ ಆರಂಭಿಸಿದ ಜಪಾನಿನವರು ಈ ವಿಷಯದಲ್ಲಿ ಹಟ ಹಿಡಿದಿದ್ದರು. ತಂಡಕ್ಕೆ ಹಣ ಹಾಕಿದ ಕಂಪನಿಯ ಹೆಸರಲ್ಲ, ಊರಿನ ಹೆಸರೇ ಇರಬೇಕು ಎಂಬ ನಿಯಮ ಮಾಡಿ, ದೇಶದ ಬಹುದೊಡ್ಡ ಪತ್ರಿಕಾ ಸಂಸ್ಥೆಯೊಂದು ಮುನಿಸಿಕೊಂಡರೂ ಅದನ್ನು ಬಿಟ್ಟುಕೊಡಲಿಲ್ಲ. ಅಲ್ಲಿಯೂ ಆರಂಭದ ಅಬ್ಬರ ಕೆಲವೇ ವರ್ಷಗಳಲ್ಲಿ ಇಳಿಯಿತು, ಆದರೆ ಊರಿನ ನಂಟು ಉಳಿದದ್ದರಿಂದ ಲೀಗೂ ಉಳಿಯಿತು.

ಇನ್ನು ಹಣದ ವಿಷಯ, ಏಕೆಂದರೆ ‘ಚಾನೆಲಿನವರು ಮನಸ್ಸು ಮಾಡಿದರೆ ಆಗುತ್ತದೆ’ ಎನ್ನುವವರೂ ಇದ್ದಾರೆ. ಟಿ20 ಕ್ರಿಕೆಟ್ಟಿನಲ್ಲಿ ಎರಡೂ ಕಡೆ ಸೇರಿ ನಲವತ್ತು ಓವರುಗಳು; ಪ್ರತಿ ಓವರ್ ಮುಗಿದಾಗ, ವಿಕೆಟ್ ಬಿದ್ದಾಗ, ಟೈಮ್‌ಔಟ್ ಆದಾಗ ಜಾಹೀರಾತು ಬರುತ್ತದೆ. ಫುಟ್‌ಬಾಲಿನಲ್ಲಿ ನಲವತ್ತೈದು ನಿಮಿಷ ಆಟ ನಿಲ್ಲುವುದೇ ಇಲ್ಲ, ಜಾಹೀರಾತಿಗೆ ಸಿಗುವುದು ಹದಿನೈದು ನಿಮಿಷದ ವಿರಾಮ, ಆಗ ವೀಕ್ಷಕ ಎದ್ದು ಅಡುಗೆಮನೆಗೆ ಹೋಗಿರುತ್ತಾನೆ. ಹಾಗಾಗಿ ಎರಡೂ ಆಟಗಳನ್ನು ಅಷ್ಟೇ ಜನ ನೋಡಿದರೂ ಫುಟ್‌ಬಾಲಿನಿಂದ ಚಾನೆಲಿಗೆ ಸಿಗುವ ಜಾಹೀರಾತಿನ ಹಣ ಕಡಿಮೆ. ಹಣ ಕಡಿಮೆಯಾದರೆ ಕ್ಯಾಮೆರಾಗಳು ಕಡಿಮೆಯಾಗುತ್ತವೆ, ಮರುಪ್ರದರ್ಶನದ ಕೋನಗಳು ಕಡಿಮೆಯಾಗುತ್ತವೆ, ಅದೇ ಆಟ ಪರದೆಯ ಮೇಲೆ ನಿಧಾನವಾಗಿ ಕಾಣುತ್ತದೆ. ಕಂಠೀರವದಂತೆ ಮೈದಾನದ ಸುತ್ತ ಓಟದ ಟ್ರ್ಯಾಕ್ ಇರುವ ಕಡೆ ಪ್ರೇಕ್ಷಕರು ಆಟದಿಂದ ಇನ್ನೂ ದೂರ ಸರಿದಂತಿರುತ್ತಾರೆ. ಮಟ್ಟ ಸಾಲದೆನ್ನುವವರು ನೋಡಿದ್ದು ಎಷ್ಟೋ ಸಲ ಚಿತ್ರೀಕರಣದ ಮಟ್ಟವನ್ನು. ಅದೇ 2014ರಲ್ಲಿ, ನಮ್ಮ ಲೀಗನ್ನು ತೋರಿಸಿದ ಸ್ಟಾರ್ ವಾಹಿನಿ ಸಮೂಹದಲ್ಲೇ ಶುರುವಾದ ಪ್ರೊ ಕಬಡ್ಡಿಗೆ ಈ ಕಷ್ಟಗಳಿರಲಿಲ್ಲ. ಪುಟ್ಟ ಅಂಕಣ, ಒಳಾಂಗಣದ ಬೆಳಕು, ಮೂವತ್ತು ಸೆಕೆಂಡಿನ ರೈಡ್. ಹೋಲಿಸಿ ನೋಡಲು ವಿದೇಶದ ಕಬಡ್ಡಿಯೊಂದು ಪಕ್ಕದ ಚಾನೆಲಿನಲ್ಲಿ ಇರಲೂ ಇಲ್ಲ.

2018ರ ಜೂನ್ ಒಂದರಂದು ಮುಂಬೈಯಲ್ಲಿ ಭಾರತ ತಂಡ ಚೈನೀಸ್ ತೈಪೆಯನ್ನು 5-0ರಿಂದ ಸೋಲಿಸಿದಾಗ ಮೈದಾನದಲ್ಲಿದ್ದವರು 2,569 ಜನ. ಭಾರತ ತಂಡಕ್ಕೂ ಬೆಂಗಳೂರು ಎಫ್‌ಸಿಗೂ ನಾಯಕನಾಗಿದ್ದ ಸುನಿಲ್ ಛೇಟ್ರಿ ‘ಬೈಯುವುದಕ್ಕಾದರೂ ಬನ್ನಿ’ ಎಂಬರ್ಥದಲ್ಲಿ ವಿಡಿಯೊ ಮಾಡಿ ಬೇಡಿಕೊಂಡರು. ಮೂರು ದಿನದ ನಂತರದ ಪಂದ್ಯಕ್ಕೆ ಟಿಕೆಟ್ಟುಗಳು ಪೂರ್ತಿ ಖಾಲಿಯಾದವು. ಅದನ್ನು ಗೆಲುವೆಂದು ಈಗಲೂ ಉದಾಹರಿಸುತ್ತಾರೆ. ನಾಯಕನೊಬ್ಬ ಕೈಮುಗಿದರೆ ಒಂದು ಸಂಜೆ ತುಂಬುತ್ತದೆ, ಮುಂದಿನ ಋತುವಿನ ಪ್ರತಿ ಶನಿವಾರವೂ ಅವನು ಕೈಮುಗಿಯುತ್ತ ಕೂರಲಾಗುವುದಿಲ್ಲವಲ್ಲ.

ಪರಿಚಯ ಬೆಳೆಸಲು ಬೇಕಾದ ಸರಕು ನಮ್ಮಲ್ಲಿಲ್ಲವೆಂದೇನೂ ಅಲ್ಲ. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯಿದೆ, ಆ ಬೀದಿಗಳಿಂದ ಬಂದ ಆಟಗಾರರಿದ್ದಾರೆ. 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಛೇಟ್ರಿ ಎದುರಾಳಿಗಳು ಸಜ್ಜಾಗುವ ಮೊದಲೇ ಫ್ರೀ ಕಿಕ್ ಒದ್ದು ಗೋಲು ಹೊಡೆದಾಗ ಕೇರಳ ಬ್ಲಾಸ್ಟರ್ಸ್ ತಂಡ ಆಟ ಬಿಟ್ಟು ಹೊರನಡೆಯಿತು. ಅದರ ಮಾತು ವಾರಗಟ್ಟಲೆ ನಡೆಯಿತು. ಮರುದಿನವೇ ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಐವತ್ನಾಲ್ಕು ವರ್ಷಗಳ ನಂತರ ಗೆದ್ದಿತ್ತು. ಮೈಸೂರು ರಾಜ್ಯವಾಗಿದ್ದಾಗ ಬಂದಿದ್ದ ಪ್ರಶಸ್ತಿ ಕರ್ನಾಟಕವೆಂಬ ಹೆಸರಿಗೆ ಬಂದದ್ದು ಅದೇ ಮೊದಲು. ನನ್ನನ್ನು ಪ್ರಶ್ನೆ ಕೇಳುವವರಲ್ಲಿ ಆ ಫೈನಲ್ ನೋಡಿದವರು ಒಬ್ಬರೂ ಸಿಕ್ಕಿಲ್ಲ. ಆ ಹುಡುಗರ ಊರು, ಮನೆ, ಅವರು ಆಡಿ ಬೆಳೆದ ಮೈದಾನಗಳನ್ನು ಕನ್ನಡದಲ್ಲಿ ಹೇಳುವ ಅರ್ಧ ಗಂಟೆಯ ಕಾರ್ಯಕ್ರಮವೊಂದು ವಾರಕ್ಕೊಮ್ಮೆ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. ಕನ್ನಡದ ವೀಕ್ಷಕ ವಿವರಣೆ ಬೇಕೆನ್ನುವುದನ್ನು ಭಾಷಾಭಿಮಾನದ ಬೇಡಿಕೆಯೆಂದು ಬದಿಗಿಡುವವರಿಗೆ ನಾನು ಹೇಳುವುದು ಇಷ್ಟೇ: ಆಫ್‌ಸೈಡ್ ಏನೆಂದು ಅಜ್ಜಿಗೆ ಕನ್ನಡದಲ್ಲಿ ತಿಳಿದರೆ ಏಳೂವರೆಗೆ ರಿಮೋಟು ಮೊಮ್ಮಗನ ಕೈಗೆ ಬರುವ ಸಾಧ್ಯತೆ ಹೆಚ್ಚುತ್ತದೆ. ಒಂದೇ ಟಿವಿಯಿರುವ ಮನೆಯಲ್ಲಿ ಫುಟ್‌ಬಾಲಿನ ನಿಜವಾದ ಎದುರಾಳಿ ಧಾರಾವಾಹಿ.

ಹಾಗಾದರೆ ಏನು ಮಾಡಬೇಕು? ಅಮೆರಿಕದ ಮೇಜರ್ ಲೀಗ್ ಸಾಕರ್ ಒಡೆಯರು 2002 ಮತ್ತು 2006ರ ವಿಶ್ವಕಪ್‌ಗಳ ಇಂಗ್ಲಿಷ್ ಪ್ರಸಾರದ ಹಕ್ಕನ್ನು ತಾವೇ ಕೊಂಡು, ತಮ್ಮ ಲೀಗಿನ ಪಂದ್ಯಗಳ ಜೊತೆಗೇ ಚಾನೆಲಿಗೆ ತಲುಪಿಸಿದರು. ಜನ ಬಿಡದೆ ನೋಡುವುದರ ಬೆನ್ನಿಗೆ ತಮ್ಮದನ್ನು ಕಟ್ಟಿ ಕಳಿಸಿದರು. ನಮ್ಮವರು ಅಷ್ಟು ದೂರ ಹೋಗಬೇಕಿಲ್ಲ. ವಾರದ ಒಂದು ಪಂದ್ಯವನ್ನು, ಉದಾಹರಣೆಗೆ ಶುಕ್ರವಾರ ರಾತ್ರಿಯದನ್ನು, ಇಡೀ ಋತು ಅಲುಗಿಸದೆ ಉಚಿತ ಚಾನೆಲಿನಲ್ಲಿ ಪ್ರಾದೇಶಿಕ ಭಾಷೆಗಳಲ್ಲಿ ತೋರಿಸಲಿ. ಅದು ಬೆಂಗಳೂರಿನ ಪಂದ್ಯವೇ ಆಗಬೇಕೆಂದು ನಾನು ಹಟ ಮಾಡುವುದಿಲ್ಲ, ಕೋಲ್ಕತ್ತದ ಈಸ್ಟ್ ಬೆಂಗಾಲ್–ಮೋಹನ್ ಬಾಗಾನ್ ಆದರೂ ಸರಿ.

ಸದ್ಯದ ಸ್ಥಿತಿಯಲ್ಲಿ ಇದೂ ದೊಡ್ಡ ಆಸೆಯೇ. ಆರಂಭದಲ್ಲಿ ಲೀಗಿನ ಪಾಲುದಾರರಲ್ಲಿ ಪ್ರಸಾರ ಸಂಸ್ಥೆಯೂ ಇದ್ದುದರಿಂದ ಪೇಟೆಯಲ್ಲಿ ಈ ಸರಕಿನ ನಿಜವಾದ ಬೆಲೆ ಎಷ್ಟೆಂದು ಯಾರೂ ತೂಗಿ ನೋಡಬೇಕಾಗಿರಲಿಲ್ಲ. 2025ರಲ್ಲಿ ಲೀಗ್ ನಡೆಸುವವರಿಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ ಇದ್ದ ಹಳೆಯ ಒಪ್ಪಂದದ ಅವಧಿ ಮುಗಿಯುತ್ತ ಬಂದಾಗ ಜುಲೈಯಲ್ಲಿ ಲೀಗನ್ನೇ ತಡೆಹಿಡಿದರು, ಅದರ ವಾಣಿಜ್ಯ ಹಕ್ಕುಗಳಿಗೆ ಫೆಡರೇಷನ್ ಟೆಂಡರ್ ಕರೆದರೆ ಒಬ್ಬರೂ ಬಿಡ್ ಹಾಕಲಿಲ್ಲ. 2026ರ ಫೆಬ್ರುವರಿ 14ರಿಂದ ಆಟ ಶುರು ಎಂದು ಜನವರಿಯಲ್ಲಿ ಕೇಂದ್ರ ಕ್ರೀಡಾ ಸಚಿವರು ಘೋಷಿಸಬೇಕಾಯಿತು. ಸೆಪ್ಟೆಂಬರಿನಿಂದ ಪಂದ್ಯವಿಲ್ಲದೆ ಕಳೆದ ಸಂಜೆಗಳಲ್ಲಿ ನಮ್ಮ ಮನೆಯ ಹುಡುಗನಂತೂ ಏಳೂವರೆಗೆ ಬೇರೊಂದನ್ನು ಹಾಕಿಕೊಂಡು ಕೂರುವುದನ್ನು ಕಲಿತುಬಿಟ್ಟ.